ಸ್ವಿಫ್ಟ್‌ಗೆ ದೊಡ್ಡ ಅಲಾಯ್: 14, 15, 16, 17ರಲ್ಲಿ ಎಲ್ಲಿಗೆ ನಿಲ್ಲಿಸಬೇಕು?

ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡ. 2019ರ ವಿಎಕ್ಸ್‌ಐ ಮಾಡೆಲ್ಲು, ಬಿಳಿ ಬಣ್ಣ. ನಾಲ್ಕು ವೀಲ್ ಕ್ಯಾಪ್‌ಗಳಲ್ಲಿ ಒಂದು ಎಲ್ಲೋ ಉದುರಿಹೋಗಿ, ಎಡಗಡೆ ಮುಂದಿನ ಚಕ್ರದಲ್ಲಿ ಕರಿ ಉಕ್ಕಿನ ರಿಮ್ಮು ಬೋಳಾಗಿ ಕಾಣುತ್ತಿತ್ತು. ಒಂದು ಕ್ಯಾಪ್ ತಂದು ಒತ್ತಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಮಾತು. ಆದರೆ ಇಪ್ಪತ್ತಮೂರರ ಹುಡುಗನಿಗೆ ಕ್ಯಾಪಿನ ಮಾತು ರುಚಿಸುತ್ತದೆಯೇ? "ಮಾವ, ಅಲಾಯ್ ಹಾಕ್ಸೋಣ. ಹಾಕ್ಸೋದೇ ಆದ್ರೆ ಹದಿನೇಳು ಇಂಚಿಂದೇ ಹಾಕ್ಸಿಬಿಡೋಣ" ಅಂದ. ಅಲಾಯ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್.

ನನ್ನನ್ನೇ ಕೇಳಿದ್ದಕ್ಕೆ ಕಾರಣ ಇದೆ. ಅದೇ ತಲೆಮಾರಿನ ಸ್ವಿಫ್ಟ್‌ಗೆ ನಾನು 16 ಇಂಚಿನ ಅಲಾಯ್ ಹಾಕಿಸಿ, ಮೂರು ವರ್ಷ ಓಡಿಸಿ, ಒಂದು ರಿಮ್ ಸೀಳಿಸಿಕೊಂಡು, ಕೊನೆಗೆ 15ಕ್ಕೆ ಇಳಿದವನು. ಹಾಗಾಗಿ ಕೆಳಗೆ ಬರೆದದ್ದರಲ್ಲಿ ಲೆಕ್ಕ ಎಷ್ಟಿದೆಯೋ ಕೈ ಸುಟ್ಟುಕೊಂಡ ಅನುಭವವೂ ಅಷ್ಟೇ ಇದೆ. ಸ್ವಿಫ್ಟ್ ಇಟ್ಟುಕೊಂಡು ಹೇಳುತ್ತಿದ್ದೇನೆ; ಬೇರೆ ಸಣ್ಣ ಕಾರಿನವರು ತಮ್ಮ ಟೈರಿನ ಅಂಕಿ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

620 ಅನ್ನೋ ಅಂಕಿ

ವಿಎಕ್ಸ್‌ಐಗೆ ಕಂಪನಿ ಕೊಡುವ ಟೈರು 165/80 ಆರ್14. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್, ಆ ಅಗಲದ ಶೇ. 80ರಷ್ಟು ಎತ್ತರ ಇದೆ ಅಂತ. 14 ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ 'ಆರ್' ರೇಡಿಯಸ್ ಅಲ್ಲ, ರೇಡಿಯಲ್, ಅಂದರೆ ಟೈರಿನೊಳಗೆ ನೂಲು ಹಾಸಿರುವ ರೀತಿ. ಅಂಗಡಿಯವರಲ್ಲೂ ಇದನ್ನು ತಪ್ಪು ಹೇಳುವವರಿದ್ದಾರೆ, ಹೇಳಲಿ ಬಿಡಿ.

165ರ ಶೇ. 80 ಅಂದರೆ 132 ಮಿ.ಮೀ. ರಿಮ್ಮಿನ ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಒಟ್ಟು 264. ಅದಕ್ಕೆ 14 ಇಂಚಿನ ರಿಮ್ಮಿನ 355.6 ಸೇರಿಸಿ. 619.6, ಅಂದರೆ ಹತ್ತಿರಹತ್ತಿರ 620 ಮಿ.ಮೀ. ಇಡೀ ಚಕ್ರದ ಎತ್ತರ ಇದು. ಗಾಡಿಯ ಸ್ಪೀಡೋಮೀಟರು, ಗೇರು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ಸು, ಚಕ್ರದ ಮೇಲಿನ ಕಮಾನು, ಎಲ್ಲವೂ ಈ 620 ನಂಬಿಕೊಂಡು ಕೂತಿವೆ. ರಿಮ್ ಎಷ್ಟೇ ದೊಡ್ಡದಾಗಲಿ, ಚಕ್ರದ ಒಟ್ಟು ಎತ್ತರ ಇಲ್ಲಿಂದ ಶೇ. 3ಕ್ಕಿಂತ ಆಚೀಚೆ ಹೋಗಬಾರದು ಅನ್ನುವುದು ಟೈರಿನವರ ಹಳೆಯ ಲೆಕ್ಕ. ನಾನಾದರೆ ಒಂದೂವರೆಗೇ ನಿಲ್ಲಿಸುತ್ತೇನೆ.

ಈಗ ಬೇರೆ ಅಳತೆಗಳನ್ನು ಇಟ್ಟು ನೋಡಿ:

165/80 ಆರ್14: ಗೋಡೆ 132 ಮಿ.ಮೀ., ಒಟ್ಟು ಎತ್ತರ 619.6
185/65 ಆರ್15: ಗೋಡೆ 120, ಒಟ್ಟು 621.5
195/55 ಆರ್16: ಗೋಡೆ 107, ಒಟ್ಟು 620.9
205/45 ಆರ್17: ಗೋಡೆ 92, ಒಟ್ಟು 616.3

ಒಟ್ಟು ಎತ್ತರ ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ. "ದೊಡ್ಡ ಅಲಾಯ್ ಹಾಕಿದರೆ ಗಾಡಿ ಎತ್ತರ ಆಗತ್ತೆ, ರಸ್ತೆ ಹಂಪಿಗೆ ತಾಗಲ್ಲ" ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಸರಿಯಾದ ಅಳತೆ ಹಾಕಿದರೆ ಒಂದು ಮಿಲಿಮೀಟರೂ ಏರುವುದಿಲ್ಲ. ಏರಿತು ಅಂದರೆ ಅಳತೆ ತಪ್ಪಿದೆ ಅಂತಲೇ ಅರ್ಥ. ಹಾಗೆ ತಪ್ಪಿಸಿ ಹಾಕುವವರೂ ಇದ್ದಾರೆ. 15ರ ರಿಮ್ಮಿಗೆ 205/65 ಹಾಕಿಕೊಡುತ್ತಾರೆ. ಒಟ್ಟು 647 ಮಿ.ಮೀ., ಶೇ. 4.5 ಜಾಸ್ತಿ. ನೋಡುವುದಕ್ಕೆ ದಷ್ಟಪುಷ್ಟ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ, ಮೀಟರು 100 ತೋರಿಸುವಾಗ ಗಾಡಿ ಮೊದಲಿಗಿಂತ ನಾಲ್ಕೈದು ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ.

ಆ ಪಟ್ಟಿಯಲ್ಲಿ ಮುಖ್ಯವಾಗಿ ಬದಲಾಗುತ್ತಿರುವುದು ಗೋಡೆ. ರಿಮ್ ಹೊರಗೆ ಬೆಳೆಯುವುದಿಲ್ಲ, ರಬ್ಬರನ್ನು ತಿಂದು ಬೆಳೆಯುತ್ತದೆ. 14ರಿಂದ 17ಕ್ಕೆ ಹೋದರೆ ನಾಲ್ಕು ಸೆಂಟಿಮೀಟರು ಗೋಡೆ ಹೋಯಿತು, ಎರಡು ಬೆರಳಿನ ಅಗಲಕ್ಕೂ ಜಾಸ್ತಿ. ಗುಂಡಿಗೂ ರಿಮ್ಮಿಗೂ ನಡುವೆ ಇರುವ ದಿಂಬು ಅಂದರೆ ಆ ಗೋಡೆಯೇ. ಎಷ್ಟು ಇಂಚು ಹಾಕಿಸಬೇಕು ಅನ್ನುವುದಕ್ಕಿಂತ ಎಷ್ಟು ಗೋಡೆ ಬಿಟ್ಟುಕೊಡಲು ತಯಾರಿದ್ದೀರಿ ಅಂತ ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಉಕ್ಕಿನ ರಿಮ್ಮೇ ಇರಲಿ ಅನ್ನುವವರಿಗೆ

ಉಕ್ಕಿನ ರಿಮ್ಮನ್ನು ಬಡವರ ರಿಮ್ ಅಂತ ನೋಡುವುದು ಬೇಡ. ಗುಂಡಿಗೆ ಬಿದ್ದರೆ ಅದು ಬಾಗುತ್ತದೆ. ಪಂಕ್ಚರ್ ಅಂಗಡಿಯವನು ಸುತ್ತಿಗೆಯಲ್ಲಿ ಎರಡು ಬಡಿದು ಗಾಳಿ ನಿಲ್ಲುವಷ್ಟು ನೆಟ್ಟಗೆ ಮಾಡಿ ಕಳಿಸುತ್ತಾನೆ. ಎಸ್ಟೇಟ್ ದಾರಿ, ಕಲ್ಲು ಕ್ವಾರಿಯ ದಾರಿ, ಮಳೆಗಾಲದಲ್ಲಿ ಕೊರೆದುಹೋಗುವ ಮಲೆನಾಡಿನ ಮಣ್ಣು ರಸ್ತೆಯಲ್ಲಿ ದಿನಾ ಓಡಾಡುವವರು ನನ್ನನ್ನು ಕೇಳಿದರೆ, ರಿಮ್ಮಿಗೆ ಇಟ್ಟ ದುಡ್ಡಲ್ಲಿ ನಾಲ್ಕು ಒಳ್ಳೆಯ ಟೈರು ಹಾಕಿಸಿಕೊಳ್ಳಿ ಅಂತೀನಿ. ರಸ್ತೆಗೆ ತಾಗುವುದು ಟೈರು, ರಿಮ್ಮಲ್ಲ. ಗಾಡಿಯ ನಡೆ ಅಲಾಯ್‌ನಿಂದ ಎಷ್ಟು ಬದಲಾಗುತ್ತದೋ ಅದಕ್ಕಿಂತ ಜಾಸ್ತಿ ಹೊಸ ಟೈರಿನಿಂದ ಬದಲಾಗುತ್ತದೆ.

ಅಲಾಯ್ ಹಗುರ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದೇ ಅಳತೆಯ ಒಳ್ಳೆಯ ಅಲಾಯ್ ಸಾಮಾನ್ಯವಾಗಿ ಉಕ್ಕಿಗಿಂತ ಸ್ವಲ್ಪ ಹಗುರ, ನಿಜ. ಆದರೆ ಅಳತೆ ಏರಿಸಿದ ಮೇಲೆ ಆ ಮಾತು ನಿಲ್ಲುವುದಿಲ್ಲ. 16ರ ಚಕ್ರ ಬಿಚ್ಚಿಸಿದ ದಿನ ನಮ್ಮೂರಿನ ಅಡಿಕೆ ಮಂಡಿಯ ತಕ್ಕಡಿಯಲ್ಲಿಟ್ಟು ನೋಡಿದೆ. 14ರ ಉಕ್ಕಿನ ರಿಮ್ ಟೈರಿನ ಸಮೇತ 14 ಕೆಜಿಯ ಹತ್ತಿರ. ನನ್ನ 16ರ ಅಲಾಯ್ ಟೈರಿನ ಸಮೇತ 18ರ ಹತ್ತಿರ. ಒಂದೊಂದು ಮೂಲೆಗೆ ನಾಲ್ಕು ಕೆಜಿ ಜಾಸ್ತಿ. ಡಿಕ್ಕಿಯಲ್ಲಿ ಹದಿನಾರು ಕೆಜಿ ಅಕ್ಕಿ ಇಟ್ಟರೆ ಗಾಡಿಗೆ ಗೊತ್ತೂ ಆಗುವುದಿಲ್ಲ. ಆದರೆ ಎರಡು ಕೆಜಿಯನ್ನು ಹೆಗಲ ಮೇಲೆ ಹೊತ್ತು ನಡೆಯುವುದು ಬೇರೆ, ಪಾದಕ್ಕೆ ಕಟ್ಟಿಕೊಂಡು ನಡೆಯುವುದು ಬೇರೆ. ಚಕ್ರದ ಭಾರ ಸಸ್ಪೆನ್ಷನ್ನಿನ ಕೆಳಗೆ ಇರುವಂಥದ್ದು, ಜತೆಗೆ ಸುತ್ತುವಂಥದ್ದು. ಪ್ರತಿ ಸಿಗ್ನಲ್ಲಿನಲ್ಲೂ ಎಂಜಿನ್ ಅದನ್ನು ಸುತ್ತಿಸಬೇಕು, ಬ್ರೇಕು ನಿಲ್ಲಿಸಬೇಕು, ಪ್ರತಿ ಹಂಪಿನಲ್ಲೂ ಶಾಕ್ ಅಬ್ಸಾರ್ಬರು ತಡೆದು ಹಿಡಿಯಬೇಕು. ನನ್ನ ಗಾಡಿಯಲ್ಲಿ ಮೊದಲು ಗೊತ್ತಾಗಿದ್ದು ಎರಡನೇ ಗೇರಿನಲ್ಲಿ, ಏರು ಹತ್ತುವಾಗ.

14ರ ಅಲಾಯ್: ಬರೀ ಅಂದಕ್ಕೆ

ಟೈರು ಇನ್ನೂ ಹೊಸದಾಗಿದೆ, ಆದರೆ ಉಕ್ಕಿನ ರಿಮ್ ನೋಡೋಕಾಗಲ್ಲ ಅನ್ನುವವರಿಗೆ ಇದು ಸಾಕು. ಇರುವ ಟೈರನ್ನೇ ಏರಿಸಬಹುದು, ಗೋಡೆ ಒಂದು ಮಿಲಿಮೀಟರೂ ಹೋಗುವುದಿಲ್ಲ. ಆದರೆ ಸ್ವಿಫ್ಟಿನ ಕಮಾನಿನೊಳಗೆ 14 ಸಣ್ಣದಾಗಿಯೇ ಕಾಣುತ್ತದೆ. ಆರು ತಿಂಗಳಿಗೆ ಮತ್ತೆ ತುರಿಕೆ ಶುರುವಾಗುತ್ತದೆ ಅಂತ ನಿಮಗೇ ಗೊತ್ತಿದ್ದರೆ ಈ ಮೆಟ್ಟಿಲು ಹತ್ತಬೇಡಿ, ಎರಡು ಸಲ ಖರ್ಚು.

15: ನಾನು ನಿಲ್ಲಿಸುವ ಜಾಗ

ಇದೇ ಸ್ವಿಫ್ಟಿನ ಝಡ್‌ಎಕ್ಸ್‌ಐಗೆ ಕಂಪನಿಯೇ ಕೊಡುವ ಅಳತೆ 185/65 ಆರ್15. ಅಂದರೆ ಕಮಾನಿನ ಜಾಗ, ಸಸ್ಪೆನ್ಷನ್ನು, ಸ್ಟೇರಿಂಗ್ ತಿರುವು ಎಲ್ಲವನ್ನೂ ಕಾರು ಮಾಡಿದವರೇ ಈ ಅಳತೆಗೆ ನೋಡಿಯಾಗಿದೆ. ಗಾಳಿ ಎಷ್ಟು ಹಾಕಬೇಕು ಅನ್ನುವುದಕ್ಕೂ ಕಂಪನಿಯ ಅಂಕಿಯೇ ಸಿಗುತ್ತದೆ, ಊಹೆ ಬೇಕಿಲ್ಲ. 165ರಿಂದ 185ಕ್ಕೆ, ಟೈರು 20 ಮಿ.ಮೀ. ಹೆಚ್ಚು ಅಗಲ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದುಹೋದಾಗ ಗಾಡಿ ತೂರಾಡುವುದು ಕಡಿಮೆಯಾಗುತ್ತದೆ, ತಿರುವಿನಲ್ಲಿ ಮೈ ಜಾರಿದ ಹಾಗೆ ಆಗುವುದಿಲ್ಲ. ಕಳೆದುಕೊಳ್ಳುವುದು 12 ಮಿ.ಮೀ. ಗೋಡೆ. ಇದು ನ್ಯಾಯದ ವ್ಯಾಪಾರ.

ಟೈರು ಸಿಗುವುದೂ ಮುಖ್ಯ. 185/65 ಆರ್15 ನಮ್ಮ ದೇಶದಲ್ಲಿ ಎಷ್ಟೋ ಕಾರುಗಳಿಗೆ ಬರುವ ಅಳತೆ. ಬಲೇನೋ ಕೆಳಗಿನ ಮಾಡೆಲ್ಲುಗಳಿಗೂ ಇದೇ. ತಾಲ್ಲೂಕು ಕೇಂದ್ರದ ಟೈರ್ ಅಂಗಡಿಯಲ್ಲೂ ಎರಡು ಮೂರು ಕಂಪನಿಯದು ಇಟ್ಟಿರುತ್ತಾರೆ. 205/45 ಆರ್17 ಕೇಳಿ ನೋಡಿ, "ಬೆಂಗ್ಳೂರಿಂದ ತರಿಸ್ಬೇಕು ಸಾರ್, ನಾಕು ದಿನ" ಅನ್ನುತ್ತಾರೆ. ಊರಿನ ಜಾತ್ರೆಗೆ ಹೋದಾಗ ಟೈರು ಸೀಳಿದರೆ ಆ ನಾಲ್ಕು ದಿನದ ಬೆಲೆ ಗೊತ್ತಾಗುತ್ತದೆ.

15 ಹಾಕಿಸುವುದಕ್ಕೆ ಮೂರು ದಾರಿ. ಒಂದು, ಶೋರೂಮಿನ ಆಕ್ಸೆಸರಿ ಕೌಂಟರಿನಲ್ಲಿ ಕಂಪನಿಯದೇ ಅಲಾಯ್ ತಗೊಳ್ಳುವುದು: ದುಬಾರಿ, ಆದರೆ ತಲೆನೋವಿಲ್ಲ. ಎರಡು, ಹೊರಗಿನ ಬ್ರ್ಯಾಂಡಿನ ಹೊಸ ರಿಮ್: ಡಿಸೈನು ನೂರಾರು, ಒಳ್ಳೆಯದೂ ಇದೆ ಕೆಟ್ಟದ್ದೂ ಇದೆ. ಮೂರು, ನನಗೆ ಬಹಳ ಇಷ್ಟವಾದ ದಾರಿ. ಮೇಲಿನ ಮಾಡೆಲ್ ತಗೊಂಡವರು ಶೋಕಿಗೆ 16, 17 ಹಾಕಿಸುವಾಗ ಬಿಚ್ಚಿ ಕೊಟ್ಟ ಕಂಪನಿ ರಿಮ್ಮುಗಳು ಅಂಗಡಿಗಳಲ್ಲಿ ಬಿದ್ದಿರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೆ ಒಂದೆರಡು ಸೆಟ್ ಕಣ್ಣಿಗೆ ಬೀಳುತ್ತವೆ. ನಾನು ವಿಚಾರಿಸಿದಾಗ ಟೈರಿಲ್ಲದ ಸೆಟ್ ಹೊರಗಿನ ಹೊಸ ರಿಮ್ಮಿಗಿಂತ ಆರೇಳು ಸಾವಿರ ಕಡಿಮೆಗೆ ಇತ್ತು.

ಸೆಕೆಂಡ್ ಹ್ಯಾಂಡ್ ರಿಮ್ ತಗೊಳ್ಳುವಾಗ ಮುಂಭಾಗ ನೋಡಿ ಮರುಳಾಗಬೇಡಿ. ಮುಂಭಾಗಕ್ಕೆ ಪೇಂಟ್ ಹೊಡೆದಿರುತ್ತಾರೆ. ತಿರುಗಿಸಿ, ಒಳಗಿನ ಅಂಚಿಗೆ ಬೆರಳು ಸವರಿಕೊಂಡು ಒಂದು ಸುತ್ತು ಬನ್ನಿ. ತಗ್ಗು, ಉಬ್ಬು, ವೆಲ್ಡಿಂಗ್ ಮಾಡಿ ಗ್ರೈಂಡ್ ಮಾಡಿದ ಒರಟು ಸಿಕ್ಕಿದರೆ ಅಲ್ಲೇ ಬಿಡಿ. ಆಮೇಲೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಟೈರಿಲ್ಲದೆ ಹಾಕಿಸಿ, ಬೆಂಡ್ ಇದ್ದರೆ ಅಂಚು ಮೇಲೆ ಕೆಳಗೆ ಕುಣಿಯುವುದು ಬರಿಗಣ್ಣಿಗೇ ಕಾಣುತ್ತದೆ.

16: ಚೆಂದ, ಆದರೆ

16 ಹಾಕಿದ ಸ್ವಿಫ್ಟ್ ಚೆನ್ನಾಗಿ ಕಾಣುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಕಮಾನು ತುಂಬಿಕೊಳ್ಳುತ್ತದೆ. 195/55 ಆರ್16 ಹೊರಗಿನವರು ಕಂಡುಹಿಡಿದ ಅಳತೆಯೂ ಅಲ್ಲ. ಬಲೇನೋ ಮೇಲಿನ ಮಾಡೆಲ್ಲುಗಳಿಗೆ, ಐ20ಯ ಮೇಲಿನ ಮಾಡೆಲ್ಲುಗಳಿಗೆ ಕಂಪನಿಯಿಂದಲೇ ಬರುತ್ತದೆ. ಬೆಂಗಳೂರಿನ ನೈಸ್ ರೋಡಿನಂಥ ನುಣುಪು ದಾರಿಯಲ್ಲಿ ಸ್ಟೇರಿಂಗು ಹೇಳಿದ ಮಾತು ತಕ್ಷಣ ಕೇಳುತ್ತದೆ. ಮೊದಲ ಆರು ತಿಂಗಳು ನಾನೂ ಸಿಕ್ಕಸಿಕ್ಕವರಿಗೆ ಹಾಕಿಸಿ ಹಾಕಿಸಿ ಅಂತಿದ್ದೆ.

ಆಮೇಲೆ ಸಣ್ಣಸಣ್ಣದು ಶುರುವಾಯಿತು. ಮೊದಲು ಕಿವಿಗೆ ಬಿದ್ದದ್ದು ರಸ್ತೆಯ ಸದ್ದು. ಆಮೇಲೆ ಸಣ್ಣ ಹಂಪುಗಳ ಸಾಲು, ಟೋಲ್ ಗೇಟಿನ ಮುಂದೆ ಇರುತ್ತದಲ್ಲ, ಅದರ ಮೇಲೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತ ಅಮ್ಮ "ಏನೋ ಇದು, ಎತ್ತಿನ ಗಾಡಿ ಥರ" ಅಂದರು. ಊರು ಸುತ್ತುವಾಗಿನ ಮೈಲೇಜು ಲೀಟರಿಗೆ ಒಂದು ಕಿ.ಮೀ. ಇಳಿಯಿತು, ಇದನ್ನು ಪಂಪಿನಿಂದ ಪಂಪಿಗೆ ಟ್ಯಾಂಕ್ ತುಂಬಿಸಿ ಬರೆದಿಟ್ಟು ನೋಡಿದ್ದೇನೆ.

ಮೂರನೇ ಮಳೆಗಾಲ. ಜುಲೈ ತಿಂಗಳ ರಾತ್ರಿ, ಘಾಟಿ ಹತ್ತಿ ಬರುತ್ತಿದ್ದೆ. ನೀರು ತುಂಬಿ ನಿಂತ ಗುಂಡಿ, ಎದುರಿನ ಬಸ್ಸಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಐವತ್ತರ ಆಸುಪಾಸಿನಲ್ಲಿದ್ದೆ. ಉಕ್ಕಿನ ರಿಮ್ಮಿದ್ದಾಗ ಗುಂಡಿ 'ಧಡ್' ಅನ್ನುತ್ತಿತ್ತು. ಇದು 'ಟಣ್' ಅಂತು, ಹಿತ್ತಾಳೆ ಗಂಟೆಯ ಹಾಗೆ. ಟೈರು ಒಡೆಯಲಿಲ್ಲ, ಗಾಡಿ ಎಳೆಯಲಿಲ್ಲ, ಮನೆ ಮುಟ್ಟಿದೆ. ಬೆಳಿಗ್ಗೆ ಎದ್ದು ನೋಡಿದರೆ ಆ ಚಕ್ರ ಅರ್ಧ ಕೂತಿದೆ. ಪಂಕ್ಚರ್ ಅಂಗಡಿಯ ಹುಡುಗ ಟೈರನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸಿದ, ಮೊಳೆ ಇಲ್ಲ, ಏನಿಲ್ಲ. ಆಮೇಲೆ ರಿಮ್ಮಿನ ಒಳಗಿನ ಅಂಚಿಗೆ ಸೋಪಿನ ನೀರು ಹಚ್ಚಿದ. ಕೂದಲೆಳೆಯಷ್ಟು ಸಣ್ಣ ಗೆರೆ, ಅದರ ಉದ್ದಕ್ಕೂ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. "ಅಣ್ಣ, ರಿಮ್ಮೇ ಹೋಗಿದೆ" ಅಂದ.

ಬಿರುಕನ್ನು ವೆಲ್ಡಿಂಗ್ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ಮಾಡಿಸಲಿಲ್ಲ. ಅಲಾಯ್ ಎರಕ ಹೊಯ್ದ ಮೇಲೆ ಅದನ್ನು ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಗಟ್ಟಿತನ ತರಿಸಿರುತ್ತಾರೆ. ವೆಲ್ಡಿಂಗಿನ ಶಾಖ ಬಿದ್ದ ಜಾಗದಲ್ಲಿ ಆ ಹದ ಹೋಗುತ್ತದೆ. ಗಾಳಿ ನಿಲ್ಲಬಹುದು, ಗಟ್ಟಿತನ ನಿಲ್ಲುವುದಿಲ್ಲ. ಆ ಡಿಸೈನು ಆಗಲೇ ನಿಂತುಹೋಗಿತ್ತು, ಒಂಟಿ ರಿಮ್ ಎಲ್ಲೂ ಸಿಗಲಿಲ್ಲ. ಒಂದು ರಿಮ್ಮಿಗೋಸ್ಕರ ನಾಲ್ಕೂ ಹೋದವು. ಹೊರಗಿನ ರಿಮ್ ತಗೊಳ್ಳುವವರು ಈ ಖರ್ಚನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

16 ಬೇಡವೇ ಬೇಡ ಅಂತ ಹೇಳುತ್ತಿಲ್ಲ. ನಿಮ್ಮ ಓಡಾಟ ಬಹುಪಾಲು ಒಳ್ಳೆಯ ಹೆದ್ದಾರಿಯಲ್ಲಿ, ಒಂದಿಬ್ಬರು ಮಾತ್ರ ಕೂರುವುದು, ಗುಂಡಿ ಕಂಡರೆ ನಿಧಾನಿಸುವ ಸ್ವಭಾವ ಅಂದರೆ ಹಾಕಿಸಿ. ಆದರೆ ತೂಕ ಕೇಳಿ ತಗೊಳ್ಳಿ. ಒಂದೇ 16ರ ಅಳತೆಯಲ್ಲಿ ಏಳು ಕೆಜಿಯ ರಿಮ್ಮೂ ಇದೆ, ಒಂಬತ್ತು ಕೆಜಿಯದೂ ಇದೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

17

ಇದಕ್ಕೆ ಹೆಚ್ಚು ಬರೆಯುವುದಿಲ್ಲ. ಗೋಡೆ 92 ಮಿ.ಮೀ. ಒಂದು ವಿಷಯ ಮಾತ್ರ ಗಮನಿಸಿ. ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಅದು ಹೊರುವ ಭಾರದ್ದು. ಕಂಪನಿಯ 14ರ ಟೈರಿಗೆ 85, ಅಂದರೆ ಒಂದು ಟೈರು 515 ಕೆಜಿ ಹೊರುತ್ತದೆ. 15ಕ್ಕೆ 88, ಅಂದರೆ 560 ಕೆಜಿ. 16ಕ್ಕೆ 87, ಅಂದರೆ 545. 205/45 ಆರ್17ರ ಮಾಮೂಲಿ ಟೈರಿಗೆ 84, ಅಂದರೆ 500 ಕೆಜಿ! ದೊಡ್ಡ ಚಕ್ರ, ದೊಡ್ಡ ದುಡ್ಡು, ಹೊರುವ ಶಕ್ತಿ ಮಾತ್ರ ಮೊದಲಿಗಿಂತ ಕಡಿಮೆ. ಗೋಡೆ ಕುಗ್ಗಿದರೆ ಒಳಗೆ ಹಿಡಿಯುವ ಗಾಳಿಯೂ ಕಡಿಮೆ, ಭಾರ ಹೊರುವುದು ಗಾಳಿಯೇ ತಾನೆ. 'ಎಕ್ಸ್‌ಎಲ್' ಅಂತ ಬರೆದ ಗಟ್ಟಿ ಟೈರಿನಲ್ಲಿ 88 ಸಿಗುತ್ತದೆ, ಅದಕ್ಕೆ ಗಾಳಿ ಜಾಸ್ತಿ ಹಾಕಬೇಕು, ಕುಲುಕಾಟ ಇನ್ನೂ ಜಾಸ್ತಿ. ಐದು ಜನ ಕೂತು ಸಾಮಾನು ತುಂಬಿ ಧರ್ಮಸ್ಥಳಕ್ಕೆ ಹೊರಡುವ ಮನೆಯ ಕಾರಿಗೆ ಇದು ಬೇಡ.

ರಿಮ್ಮಿನ ಹಿಂದೆ ಬರೆದಿರುವುದು

ಇಂಚು ನಿರ್ಧಾರವಾದ ಮೇಲೂ ರಿಮ್ಮಿನ ಹಿಂಭಾಗದಲ್ಲಿ ಓದಬೇಕಾದ್ದು ಬಹಳ ಇದೆ. ಮುಂಭಾಗ ನೋಡಿ ತಗೊಂಡವರು ಎಡವುವುದು ಇಲ್ಲೇ.

ಪಿಸಿಡಿ ಮೊದಲು. ಸ್ವಿಫ್ಟಿಗೆ 4×100: ನಾಲ್ಕು ಬೋಲ್ಟು, ಅವುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ 100 ಮಿ.ಮೀ. ಎಂಟು ತೂತಿನ ರಿಮ್ಮುಗಳು ಬರುತ್ತವೆ, ನಾಲ್ಕು ಒಂದು ಪಿಸಿಡಿಗೆ, ಇನ್ನು ನಾಲ್ಕು ಬೇರೆಯದಕ್ಕೆ. ಕೂರುತ್ತವೆ, ಆದರೆ ಉಪಯೋಗಕ್ಕಿಲ್ಲದ ನಾಲ್ಕು ತೂತು ನೋಡಲೂ ಚೆಂದವಿಲ್ಲ, ನನಗೆ ಹಿಡಿಸುವುದಿಲ್ಲ.

ಎರಡನೆಯದು ನಡುವಿನ ತೂತು, ಸೆಂಟರ್ ಬೋರ್. ಸ್ವಿಫ್ಟಿನ ಹಬ್ಬು, ಅಂದರೆ ಗಾಡಿಯಲ್ಲಿ ರಿಮ್ ಕೂರುವ ನಡುಭಾಗ, 54.1 ಮಿ.ಮೀ. ಹೊರಗಿನ ರಿಮ್ಮುಗಳನ್ನು ಎಲ್ಲ ಗಾಡಿಗೂ ಆಗಲಿ ಅಂತ 73.1ರಂಥ ದೊಡ್ಡ ತೂತು ಕೊರೆದು ಬಿಟ್ಟಿರುತ್ತಾರೆ. ನಡುವಿನ ಖಾಲಿ ಜಾಗ ತುಂಬಲು ಹಬ್ ರಿಂಗ್ ಅನ್ನುವ ಉಂಗುರ ಬೇಕು. ನನಗೆ ಹಾಕಿಕೊಟ್ಟ ಅಂಗಡಿಯವರು ಅದನ್ನು ಹಾಕಿರಲಿಲ್ಲ. 90 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್, ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಪ್ರತಿ ಸಲವೂ ಮೆಷಿನ್ ಸೊನ್ನೆ ತೋರಿಸುತ್ತಿತ್ತು. ತೋರಿಸದೆ ಏನು, ಚಕ್ರ ಸರಿಯಾಗೇ ಇತ್ತು. ಹಬ್ಬಿನ ಮೇಲೆ ಕೂದಲಷ್ಟು ಆಚೆ ಕೂತಿತ್ತು ಅಷ್ಟೆ. ಕೊನೆಗೆ ಹಾಸನದ ಒಬ್ಬ ಹಳೆ ಮೆಕ್ಯಾನಿಕ್ಕು ಚಕ್ರ ಬಿಚ್ಚಿ ಹಬ್ಬಿನ ಸುತ್ತ ಬೆರಳಾಡಿಸಿ, "ಇಲ್ಲಿ ಉಂಗುರ ಎಲ್ಲಿ ಸ್ವಾಮಿ?" ಅಂತ ಕೇಳಿದ. ನಾಲ್ಕು ಉಂಗುರ ಹಾಕಿದ ದಿನವೇ ನಡುಕ ನಿಂತಿತು.

ಮೂರನೆಯದು ಆಫ್‌ಸೆಟ್. ರಿಮ್ಮಿನ ಮೇಲೆ 'ಇಟಿ' ಅಂತ ಬರೆದು ಪಕ್ಕದಲ್ಲಿ ಅಂಕಿ ಇರುತ್ತದೆ. ರಿಮ್ಮಿನ ಅಗಲದ ನಟ್ಟನಡುವಿನಿಂದ, ಹಬ್ಬಿಗೆ ಕೂರುವ ಮುಖ ಎಷ್ಟು ಹೊರಗಿದೆ ಅನ್ನುವ ಲೆಕ್ಕ ಅದು. ಅಂಕಿ ಕಡಿಮೆಯಾದರೆ ಚಕ್ರ ಹೊರಗೆ ಬರುತ್ತದೆ: ಇಟಿ 45 ಇದ್ದ ಕಡೆ 35 ಹಾಕಿದರೆ ಒಂದೊಂದು ಕಡೆ 10 ಮಿ.ಮೀ. ಹೊರಗೆ. ಜತೆಗೆ ರಿಮ್ಮಿನ ಅಗಲವೂ ಇದೆ. ಒಂದು ಇಂಚು ಅಗಲ ಜಾಸ್ತಿಯಾದರೆ ಒಳಗೂ ಹೊರಗೂ ಅರ್ಧರ್ಧ ಇಂಚು, ಅಂದರೆ 12.7 ಮಿ.ಮೀ. 7 ಇಂಚು ಅಗಲದ 17ರ ರಿಮ್ ಒಳಗೆ ಶಾಕ್ ಅಬ್ಸಾರ್ಬರಿಗೆ ತಾಗದಿರಲಿ ಅಂತ ಆಫ್‌ಸೆಟ್ ಇಳಿಸುತ್ತಾರೆ, ಆಗ ಹೊರಗೆ ಚಕ್ರ ಬಾಡಿಯಿಂದ ಇಣುಕುತ್ತದೆ. ಕೆಲವರಿಗೆ ಆ ಇಣುಕೇ ಬೇಕು. ಆದರೆ ವೀಲ್ ಬೇರಿಂಗಿನ ಮೇಲೆ ಬೀಳುವ ಒತ್ತಡ, ಬ್ರೇಕ್ ಹಾಕಿದಾಗ ಸ್ಟೇರಿಂಗ್ ಒಂದು ಕಡೆ ಎಳೆಯುವುದು, ಮಳೆಯಲ್ಲಿ ಬಾಗಿಲಿಗೆಲ್ಲ ಎರಚುವ ಕೆಸರು, ಎಲ್ಲ ಅಲ್ಲಿಂದಲೇ. ಸ್ಪೇಸರ್, ಅಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ, ಹಾಕಿ ಸರಿ ಮಾಡ್ತೀವಿ ಅಂದರೆ ಎದ್ದು ಬನ್ನಿ.

ಇನ್ನು ಗುಣಮಟ್ಟದ ಗುರುತು. ಐಎಸ್‌ಐ ಮಾರ್ಕ್ ಇದೆಯೇ ನೋಡಿ. ಜಪಾನಿನ 'ಜೆಡಬ್ಲ್ಯೂಎಲ್' ಮತ್ತು 'ವಿಐಎ' ಅನ್ನುವ ಗುರುತುಗಳೂ ಕಾಣಬಹುದು. ಮೊದಲನೆಯದು ತಯಾರಕರು ತಾವೇ ಪರೀಕ್ಷೆ ಮಾಡಿ ಹಾಕಿಕೊಳ್ಳುವುದು, ಎರಡನೆಯದು ಹೊರಗಿನ ಸಂಸ್ಥೆ ನೋಡಿ ಕೊಡುವುದು. ಹೊರುವ ಭಾರವನ್ನೂ ಅಚ್ಚೊತ್ತಿರಬೇಕು. ಹಿಂದೆ ಏನೂ ಬರೆದಿಲ್ಲದ, ಬರೀ ನಯವಾದ ರಿಮ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಕರಾವಳಿಯವರಿಗೆ ಒಂದು ಮಾತು. ಡೈಮಂಡ್ ಕಟ್ ಅಂತ ಬರುತ್ತದಲ್ಲ, ಲೋಹವನ್ನೇ ಕಡೆದು ಹೊಳಪು ತಂದು ಮೇಲೆ ಲ್ಯಾಕರ್ ಹೊಡೆದದ್ದು, ಅದು ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಆಗಿಬರುವುದಿಲ್ಲ. ಕಲ್ಲು ಸಿಡಿದು ಲ್ಯಾಕರ್ ಒಂದು ಚುಕ್ಕೆಯಷ್ಟು ಹೋದರೂ ಒಳಗೆ ಬಿಳಿ ಬೂಷ್ಟಿನಂಥ ತುಕ್ಕು ಬೇರಿನ ಹಾಗೆ ಹರಿಯುತ್ತದೆ. ಪೂರ್ತಿ ಪೇಂಟ್ ಹೊಡೆದ ಬೂದು ಅಥವಾ ಕಪ್ಪು ರಿಮ್ ವಾಸಿ.

ದುಡ್ಡು, ಕಾನೂನು, ಇನ್ಶೂರೆನ್ಸು

ನಾನೂ ಹುಡುಗನೂ ಸುತ್ತಿ ಕೇಳಿದ ದರ ಹೇಳುತ್ತೇನೆ, ನಿಮ್ಮೂರಲ್ಲಿ ಆಚೀಚೆ ಇರುತ್ತದೆ. 15ರ ಹೊರಗಿನ ರಿಮ್ ನಾಲ್ಕಕ್ಕೆ 25 ಸಾವಿರದ ಹತ್ತಿರ, ಟೈರು ಒಂದಕ್ಕೆ ನಾಲ್ಕೂವರೆಯಿಂದ ಐದೂವರೆ ಸಾವಿರ. 16ಕ್ಕೆ ರಿಮ್ 34 ಸಾವಿರ, ಟೈರು ಆರೂವರೆ. ಒಟ್ಟಿನಲ್ಲಿ 15ಕ್ಕೆ 45 ಸಾವಿರ, 16ಕ್ಕೆ 60. ಮೂರ್ನಾಲ್ಕು ವರ್ಷಕ್ಕೆ ಮತ್ತೆ ಟೈರು ಬದಲಿಸುವಾಗ ಆ ವ್ಯತ್ಯಾಸ ಮತ್ತೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ; ಹಳೆಯ ದರಪಟ್ಟಿ ಹಿಡಿದು ಕೂತವರ ಹತ್ತಿರ ಇದನ್ನು ನೆನಪಿಸಿ. ಇರುವ ಟೈರಿನಲ್ಲಿ ಇನ್ನೂ ಅರ್ಧ ಜೀವ ಇದ್ದರೆ ಕಾಯಿರಿ. ಟೈರಿನ ಮೇಲಿನ ಕಾಲುವೆಯ ಆಳ 1.6 ಮಿ.ಮೀ.ಗೆ ಇಳಿದರೆ ಕಾನೂನಿನ ಪ್ರಕಾರವೂ ಬದಲಿಸಲೇಬೇಕು. ಅಲಾಯ್ ಹಾಕಿಸಲು ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಹೇಳಿತು. ಅದೇ ಮಾಡೆಲ್ಲಿಗೆ ಕಂಪನಿಯೇ ಕೊಡುವ ಅಳತೆ ಹಾಕಿದರೆ ಯಾರ ಹತ್ತಿರವೂ ವಾದ ಮಾಡಬೇಕಿಲ್ಲ. ಬಾಡಿಯಿಂದ ಆಚೆ ಇಣುಕುವ ಚಕ್ರ ಮಾತ್ರ ದೂರದಿಂದಲೇ ಕೈ ಬೀಸಿ ಕರೆದ ಹಾಗೆ. ಇನ್ಶೂರೆನ್ಸಿನವರಿಗೆ ಹೇಳಿ, ಪಾಲಿಸಿಯಲ್ಲಿ ಸೇರಿಸಿ. ಪ್ರೀಮಿಯಂ ಸ್ವಲ್ಪ ಏರುತ್ತದೆ, ಏರಲಿ. ಹೇಳದೆ ಹಾಕಿಸಿದ ಅಲಾಯ್ ಕಳುವಾದರೆ ಕ್ಲೇಮು ಸಿಗುವುದು ಉಕ್ಕಿನ ರಿಮ್ಮಿನ ಲೆಕ್ಕದಲ್ಲಿ, ಅದೂ ಸಿಕ್ಕರೆ. ಗಾಡಿ ವಾರಂಟಿಯಲ್ಲಿದ್ದರೆ ಶಾಕ್ ಅಬ್ಸಾರ್ಬರು, ಬೇರಿಂಗಿನ ಮಾತು ಬಂದಾಗ ಸರ್ವಿಸ್‌ನವರ ಕಣ್ಣು ಮೊದಲು ಹೋಗುವುದು ಚಕ್ರದ ಕಡೆಗೇ.

ಹಾಕಿಸುವ ದಿನ

ಟೈರಿನ ಗೋಡೆಯ ಮೇಲೆ ನಾಲ್ಕಂಕಿಯ ತಾರೀಕು ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1425 ಅಂದರೆ 2025ರ ಹದಿನಾಲ್ಕನೇ ವಾರ. ನಾಲ್ಕೂ ಟೈರಿನದು ಓದಿಕೊಳ್ಳಿ. ಹುಡುಗರು ಏರ್ ಗನ್ನಿನಲ್ಲಿ ನಟ್ಟು ಬಿಗಿದುಬಿಡುತ್ತಾರೆ. ಕೊನೆಯ ಬಿಗಿತ ಕೈಯಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ, ಗಾಡಿಯ ಪುಸ್ತಕದಲ್ಲಿರುವ ಅಂಕಿಗೆ ಆಗಲಿ. ಎಪ್ಪತ್ತೆಂಬತ್ತು ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿಸಿ. ಅಲಾಯ್‌ಗೆ ಬೇರೆ ಥರದ ನಟ್ಟು ಕೊಟ್ಟರೆ ಹಳೆಯ ನಾಲ್ಕು ನಟ್ಟನ್ನು ಡಿಕ್ಕಿಯಲ್ಲಿ ಜಾಕಿನ ಪಕ್ಕ ಇಟ್ಟುಕೊಳ್ಳಿ. ಸ್ಟೆಪ್ನಿ ಉಕ್ಕಿನದೇ ತಾನೆ. ನಡುರಾತ್ರಿ ಅದಕ್ಕೆ ಅಲಾಯ್ ನಟ್ಟು ಸರಿಯಾಗಿ ಕೂರದಿದ್ದರೆ ಗತಿ ಏನು? ಸ್ಟೆಪ್ನಿಯ ಎತ್ತರ 15ರ ಚಕ್ರದಷ್ಟೇ ಇರುವುದರಿಂದ ನಿಧಾನಕ್ಕೆ ಪಂಕ್ಚರ್ ಅಂಗಡಿ ಮುಟ್ಟಬಹುದು.

ಹುಡುಗನಿಗೆ ಈ ತಕ್ಕಡಿ, ಗೋಡೆ, 515 ಕೆಜಿ ಯಾವುದೂ ನಾಟಲಿಲ್ಲ. ಅವನ ಮನಸ್ಸು ತಿರುಗಿದ್ದು ಅಂಗಡಿಯಲ್ಲಿ ನಾನು ಫೋನು ತೆಗೆದು ಆ ಸೋಪಿನ ಗುಳ್ಳೆಗಳ ವಿಡಿಯೋ ತೋರಿಸಿದ ಮೇಲೆ. ಝಡ್‌ಎಕ್ಸ್‌ಐನಿಂದ ಬಿಚ್ಚಿದ 15ರ ಕಂಪನಿ ರಿಮ್ ಸೆಟ್ಟು ಸಿಕ್ಕಿತು, ಒಂದರ ಅಂಚಿನಲ್ಲಿ ಫುಟ್‌ಪಾತಿಗೆ ಉಜ್ಜಿದ ಗೀರಿತ್ತು, ಅದಕ್ಕೆ ಸಾವಿರ ರೂಪಾಯಿ ಇಳಿಸಿಕೊಂಡೆವು. ಉಕ್ಕಿನ ನಾಲ್ಕೂ ರಿಮ್ಮು ಈಗ ಅಕ್ಕನ ಮನೆಯ ಅಟ್ಟದ ಮೇಲಿವೆ. ಗುಜರಿಗೆ ಹಾಕಬೇಡ ಅಂದಿದ್ದೇನೆ. ಗಾಡಿ ಮಾರುವ ದಿನ ಅವನ್ನು ಹಾಕಿ ಕೊಟ್ಟು, ಅಲಾಯ್ ಬಿಚ್ಚಿಟ್ಟುಕೊಳ್ಳಬಹುದು. ವೀಲ್ ಕ್ಯಾಪ್ ಮಾತ್ರ ಈಗಲೂ ಮೂರೇ.